ಮರದ ಬುಡಕ್ಕೆ ಒಂದು ಮೀಟರ್ ಮಣ್ಣು ಬಿಡಿ

ಮಳೆಗಾಲ ಬಂತೆಂದರೆ ಊರೆಲ್ಲ ಸಸಿ ಹಂಚುವ ಸಡಗರ. ಆದರೆ ಬೆಂಗಳೂರಿನ ನಮ್ಮ ಗವಿಪುರದಂಥ ಹಳೆಯ ಬಡಾವಣೆಯಲ್ಲಿ ಹೊಸ ಸಸಿಗೆ ಜಾಗವೆಲ್ಲಿದೆ? ಇಲ್ಲಿನ ಹಸಿರೆಲ್ಲ ಹಿರಿಯರು ರಸ್ತೆಬದಿಯಲ್ಲಿ ನೆಟ್ಟುಹೋದ ಮರಗಳದ್ದು. ಅವುಗಳ ಬುಡವನ್ನೇ ನಾವು ಮುಚ್ಚುತ್ತಿದ್ದೇವೆ.

ಮನೆ ಮುಂದಿನ ಹೊಂಗೆಯ ಪಾತಿಗೆ ನಮ್ಮತ್ತೆ ದಿನವೂ ಅಕ್ಕಿ ತೊಳೆದ ನೀರು ಸುರಿಯುತ್ತಿದ್ದರು. ಫುಟ್‌ಪಾತ್ ಕೆಲಸಕ್ಕೆ ಬಂದವರು ಆ ಪಾತಿ ಮುಚ್ಚಿ, ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್ ಹಾಕಿದರು. ಕೇಬಲ್‌ಗೆ ಅಗೆದವರು ಅಡ್ಡ ಬಂದ ಬೇರುಗಳನ್ನು ಕಡಿದರು. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಅವಕ್ಕೆ ಗಾಳಿಯೂ ಬೇಕು. ಹೀಗೆ ಬಡವಾದ ಮರ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಉರುಳಿದರೆ, ಹಳೆಯ ಮರಗಳೇ ಅಪಾಯವೆಂದು ಪಕ್ಕದ್ದಕ್ಕೂ ಕೊಡಲಿ ಬೀಳುತ್ತದೆ.

ಬೆಂಗಳೂರಿನ ರಸ್ತೆಗಳಲ್ಲೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮರಗಳಿರುವ ಕಡೆ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ಕಡಿಮೆ. ತಳ್ಳುಗಾಡಿಯ ಸೊಪ್ಪಿನವರಿಗೆ, ಹೂ ಕಟ್ಟುವವರಿಗೆ ಈ ನೆರಳೇ ಅಂಗಡಿ.

ಬುಡದ ಮಣ್ಣು ಮಳೆನೀರನ್ನೂ ಇಂಗಿಸುತ್ತದೆ. ಬಸವನಗುಡಿಯ ಕಾರಂಜಿ ಕೆರೆಯನ್ನು ಎಂದೋ ಕಳೆದುಕೊಂಡೆವು. ಅಲ್ಲಿನ ಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂದು ನಾವು ನಂಬುವ ವೃಷಭಾವತಿ ನದಿಯನ್ನು ಕೊಳಚೆ ಕಾಲುವೆ ಮಾಡಿದೆವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ಗೆ ಕಾದ ಊರು ಇದು. ಮಳೆನೀರು ನೆಲಕ್ಕಿಳಿಯಲು ಉಳಿದಿರುವ ಒಂದೊಂದು ಪಾತಿಯೂ ನಮಗೆ ಬೇಕು.

ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತು. ನಮ್ಮಲ್ಲಿ ಕೊಡಲಿ ತಡೆಯಲು 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಕಾಂಕ್ರೀಟ್ ತಡೆಯುವ ಷರತ್ತು ಪ್ರತಿ ರಸ್ತೆ ಟೆಂಡರಿನಲ್ಲೂ ಇರಬೇಕು. ಬುಡ ಬಿಡದ ಕಾಮಗಾರಿಗೆ ಬಿಲ್ ಪಾಸಾಗಬಾರದು.

ಕಿರಿದಾದ ಫುಟ್‌ಪಾತಿನಲ್ಲಿ ಮಣ್ಣು ಬಿಟ್ಟರೆ ನಡೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ವಯಸ್ಸಾದ ನನ್ನಂಥವರಿಗೆ ಆ ಕಷ್ಟ ಗೊತ್ತು. ಅಂಥ ಕಡೆ ಸಿಮೆಂಟಿಲ್ಲದೆ ಮರಳಿನ ಮೇಲೆ, ಬೇರು ತಪ್ಪಿಸಿ, ಸಂದು ಬಿಟ್ಟು ಕಲ್ಲು ಕೂರಿಸಲಿ. ಕಾಲಿಗೂ ದಾರಿ, ನೀರಿಗೂ ದಾರಿ.

ನಮ್ಮ ಪಾಲಿನ ಕೆಲಸವೂ ಇದೆ. ತರಗೆಲೆಗೆ ಬೆಂಕಿ ಹಚ್ಚದೆ ಪಾತಿಗೇ ಹಾಕೋಣ, ಬುಡದ ಮೇಲೆ ಬೈಕ್ ನಿಲ್ಲಿಸುವುದನ್ನು ಬಿಡೋಣ. ಪಾಲಿಕೆಯವರು ಈ ವರ್ಷ ಸಸಿ ಹಂಚುವ ಮೊದಲು ಗವಿಪುರದ ಬೀದಿಗಳಲ್ಲಿ ಉಳಿ-ಸುತ್ತಿಗೆ ಹಿಡಿದ ಕೆಲಸಗಾರರನ್ನು ಕಳಿಸಿ, ಬೇರಿಗೆ ಪೆಟ್ಟಾಗದಂತೆ ಮರಗಳ ಬುಡ ಬಿಡಿಸಲಿ.