ಗಿಟಾರಿನ ತಂತಿ ಇಳಿಸ್ರಿ, ಭಜನೆಗೆ ಕೂಡಿಸ್ರಿ

ಗಿಟಾರ್ ಕಲಿಯುವ ಮಕ್ಕಳು ಈಗ ಜತ್ತ, ಅಕ್ಕಲಕೋಟದಂಥ ಊರುಗಳಲ್ಲೂ ಇದ್ದಾರೆ. ಆದರೆ ಊರ ಭಜನೆಗೆ ಆ ಗಿಟಾರ್ ಬರುವುದು ಅಪರೂಪ. ‘ನಮ್ಮ ಹಾಡಿಗೆ ಅದು ಹೊಂದಂಗಿಲ್ಲ ಬಿಡ್ರಿ’ ಅಂತ ಹಿರಿಯರು ಹೇಳಿಬಿಡುತ್ತಾರೆ. ತಪ್ಪು ವಾದ್ಯದ್ದಲ್ಲ. ಶ್ರುತಿ ಕೂಡಿಸಲು ಒಂದೇ ಪದ್ಧತಿ ಹಿಡಿದು ಕುಳಿತ ಕಲಿಕೆಯದ್ದು.

ಕ್ಲಾಸುಗಳಲ್ಲಿ ಸಾಮಾನ್ಯವಾಗಿ ಕಲಿಸುವುದು ಇ-ಎ-ಡಿ-ಜಿ-ಬಿ-ಇ ಶ್ರುತಿ. ಕಾರ್ಡ್ ಬದಲಿಸುತ್ತ ನುಡಿಸುವ ಸಿನಿಮಾ ಹಾಡಿಗೆ ಅದು ಸರಿ. ವಚನ, ತತ್ವಪದ, ಅಭಂಗಗಳಿಗೆ ಮೊದಲು ಬೇಕಾದ್ದು ಕದಲದೆ ನಿಲ್ಲುವ ಷಡ್ಜ-ಪಂಚಮ.

ಇದಕ್ಕೆ ಹೊಸ ವಾದ್ಯ ಬೇಕಿಲ್ಲ. ಆರನೆಯ, ಎರಡನೆಯ, ಒಂದನೆಯ ತಂತಿಗಳನ್ನು ಎರಡೆರಡು ಫ್ರೆಟ್‌ನಷ್ಟು ಇಳಿಸಿದರೆ ಡಿ-ಎ-ಡಿ-ಜಿ-ಎ-ಡಿ ಆಗುತ್ತದೆ. ಹಾರ್ಮೋನಿಯಂನ ‘ಬಿಳಿ ಎರಡು’ ಷಡ್ಜವಾದರೆ ಇದೇ ಸಾ-ಪ-ಸಾ-ಮ-ಪ-ಸಾ. ಕೆಳಗಿನ ತಂತಿಗಳು ತಂಬೂರಿಯಂತೆ ಮೊಳಗುತ್ತಿರಲಿ, ಒಂದನೆಯ ತಂತಿಯ ಮೇಲೆ ಹಾಡಿನ ಚಾಲು ನುಡಿಸಬಹುದು. ಗಾಂಧಾರದ ತಂತಿಯೇ ಇಲ್ಲದ್ದರಿಂದ ಶುದ್ಧ, ಕೋಮಲ ಎರಡಕ್ಕೂ ಅಡ್ಡಿಯಿಲ್ಲ. ಮಧ್ಯಮವಿಲ್ಲದ ಭೂಪ ರಾಗಕ್ಕೆ ಮೂರನೆಯ ತಂತಿ ಮುಟ್ಟಬಾರದು, ಅಷ್ಟೇ. ಹಾಡುವವರ ಪಟ್ಟಿ ‘ಬಿಳಿ ಮೂರು’ ಇದ್ದರೆ ಎರಡನೆಯ ಫ್ರೆಟ್‌ಗೆ ಕ್ಯಾಪೊ ಹಾಕಿದರಾಯ್ತು.

ಇದೇನು ಹೊಸ ಹುಚ್ಚಲ್ಲ. ಇಂಗ್ಲೆಂಡಿನ ಡೇವಿ ಗ್ರಹಾಂ 1960ರ ದಶಕದ ಆರಂಭದಲ್ಲೇ ಈ ಶ್ರುತಿಯನ್ನು ಬಳಕೆಗೆ ತಂದರು. ನಮ್ಮಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನು ಮಲಗಿಸಿಕೊಂಡು, ರಾಗಕ್ಕೆ ಒಗ್ಗಿಸಿ ನುಡಿಸಿದರು. 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಸಂತೂರ, ಬಾನ್ಸುರಿಗಳ ಜೊತೆ ಅವರ ಗಿಟಾರ್ ಇದೆ. ಗಿಟಾರಿನಿಂದಲೇ ಮೋಹನ ವೀಣೆ ರೂಪಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂತು.

ತೊಂದರೆ ಇಲ್ಲವೆಂದಲ್ಲ. ಬಾಯಿಪಾಠ ಮಾಡಿದ ಕಾರ್ಡ್ ಹಿಡಿತಗಳು ಇಲ್ಲಿ ಕೆಲಸಕ್ಕೆ ಬಾರವು. ಬೆರಳು ಮತ್ತೆ ಜಾಗ ಹುಡುಕಬೇಕು. ಆದರೆ ಲಾಭವೂ ಅಲ್ಲೇ ಇದೆ. ಹಾಗೆ ಹುಡುಕುವಾಗ ಕಿವಿ ಕೆಲಸ ಮಾಡುತ್ತದೆ. ಮೊಬೈಲ್ ಟ್ಯೂನರಿನ ಹಸಿರು ದೀಪ ನೋಡಿ ತಂತಿ ತಿರುಗಿಸುವ ಹುಡುಗನಿಗೆ ಪಂಚಮ ಕೂಡಿದ್ದು ಕಣ್ಣಿಗೆ ಗೊತ್ತು, ಕಿವಿಗಲ್ಲ.

ಜತ್ತ ಇರುವ ಸಾಂಗಲಿ ಜಿಲ್ಲೆಯಲ್ಲೇ ಮಿರಜವೂ ಇದೆ. ಅಲ್ಲಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅಂಥ ನೆರೆಯಲ್ಲಿದ್ದೂ ನಮ್ಮ ಮಕ್ಕಳು ಶ್ರುತಿ ಕೇಳಲು ಕಲಿಯದಿದ್ದರೆ ಹೇಗೆ?

ಗಿಟಾರ್ ಕಲಿಸುವ ಸರ್‌ಗಳು ವಾರಕ್ಕೊಂದು ತಾಸು ಈ ಶ್ರುತಿಗೆ ಕೊಡಲಿ. ಭಜನಾ ಮಂಡಳಿಯ ಹಿರಿಯರೂ ಹಾರ್ಮೋನಿಯಂ ಪಕ್ಕದಲ್ಲಿ ಒಂದಿಷ್ಟು ಜಾಗ ಮಾಡಿಕೊಡಲಿ. ಹಾಡು ಕನ್ನಡದ್ದಿರಲಿ, ಮರಾಠಿಯದ್ದಿರಲಿ, ಷಡ್ಜ ಎರಡಕ್ಕೂ ಒಂದೇ.