ಳ ಫಾರ್ ಎಂತ?

ಕಳೆದ ತಿಂಗಳು ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮ ಮನೆ ಬೆಳ್ತಂಗಡಿ ತಾಲೂಕು, ಅಕ್ಕನನ್ನು ಕೊಟ್ಟದ್ದು ಬಂಟ್ವಾಳಕ್ಕೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವ ಬಿ.ಸಿ.ರೋಡಿನಲ್ಲಿ ಇಳಿದು ಸೀದಾ ಅಕ್ಕನ ಮನೆಗೆ ಹೋಗಿ ಮಲಗುವ ಅಂತ ಇದ್ದೆ. ಅಕ್ಕನ ಮಗಳು ಬಿಡಬೇಕಲ್ಲ? ಒಂದನೇ ಕ್ಲಾಸು. ಗೋಡೆಯಲ್ಲಿ ನೇತು ಹಾಕಿದ ಪ್ಲಾಸ್ಟಿಕ್ ಚಾರ್ಟಿನ ಮುಂದೆ ಸ್ಕೇಲು ಹಿಡ್ಕೊಂಡು ನಿಂತು ಟೀಚರ್ ಆದಳು. ನಾನು ಮಗು.

"ಅ ಫಾರ್ ಅರಸ, ಆ ಫಾರ್ ಆನೆ, ಇ ಫಾರ್ ಇಲಿ..."

ಹೌದು ಮಾರಾಯ್ರೇ, ಕನ್ನಡಕ್ಕೂ "ಫಾರ್". ಶಾಲೆಯಲ್ಲಿ ಹಾಗೆಯೇ ಹೇಳಿಸುವುದಂತೆ. ನಗು ಬಂತು, ತಡ್ಕೊಂಡೆ. ಅವಳು ಕ, ಖ, ಗ ಎಲ್ಲ ದಾಟಿ ಕಟ್ಟಕಡೆಯ ಮನೆಗೆ ಬಂದಳು. ಅಲ್ಲಿ ನಾಲ್ಕು ಬಣ್ಣದ ಬಳೆಗಳ ಚಿತ್ರ. "ಳ ಫಾರ್ ಬಳೆ" ಅಂದವಳು ಅಲ್ಲೇ ನಿಂತಳು. ನನ್ನ ಕಡೆ ತಿರುಗಿ ತುಳುವಿನಲ್ಲಿ ಕೇಳಿದಳು, "ಮಾಮ, ಬಳೆ ಬ ಅತ್ತಾ?"

ಬಳೆ ಬ ಅಲ್ಲವಾ? ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಪ್ರಶ್ನೆ. ನಮ್ಮ ಮನೆಯಲ್ಲಿ ಬಳೆಗೆ ಕಾಜಿ ಅಂತ ಹೇಳುವುದು. ಹಾಗಾದರೆ ಅದು ಕ ಅಲ್ಲವಾ? ಒಂದೇ ಚಿತ್ರ, ಅದಕ್ಕೆ ಚಾರ್ಟಿನ ಲೆಕ್ಕದಲ್ಲಿ ಳ, ಚಾರ್ಟು ತಾನೇ ಹಾಕಿದ ನಿಯಮದ ಲೆಕ್ಕದಲ್ಲಿ ಬ, ಮನೆಯ ಲೆಕ್ಕದಲ್ಲಿ ಕ. ದಿನವಿಡೀ ಬೇರೆಯವರ ಕೋಡಿನಲ್ಲಿ ಬಗ್ ಹುಡುಕುವುದು ನನ್ನ ಕೆಲಸ. ಆರು ವರ್ಷದ ಮಗು ಒಂದು ನಿಮಿಷದಲ್ಲಿ ಹಿಡಿದ ಈ ಬಗ್ಗು ಚಾರ್ಟು ಮಾಡಿದವರಿಗೆ ಇಷ್ಟು ವರ್ಷವಾದರೂ ಕಾಣಲಿಲ್ಲವಲ್ಲ.

ಇಷ್ಟೇ ಆಗಿದ್ದರೆ ತಮಾಷೆ ಅಂತ ಬಿಟ್ಟುಬಿಡಬಹುದಿತ್ತು. ಸಂಜೆ ಅಕ್ಕ ಅವಳ ವರ್ಕ್‌ಶೀಟು ತೋರಿಸಿದಳು. ಒಂದು ಕೋಳಿಯ ಚಿತ್ರ, ಕೆಳಗೆ "ಕೋ" ಬರೆದು ಪಕ್ಕದಲ್ಲಿ ಖಾಲಿ ಗೆರೆ. ಮಗು ಅಂದವಾಗಿ "ರಿ" ಅಂತ ತುಂಬಿಸಿದ್ದಾಳೆ. ಕೋರಿ. ಅದರ ಮೇಲೆ ಕೆಂಪು ಶಾಯಿಯ ದೊಡ್ಡ ತಪ್ಪು ಗುರುತು. ಕೆಳಗೆ ಒಂದು ಸಾಲು: ಮನೆಯಲ್ಲಿ ಮಗುವಿನ ಜೊತೆ ಕನ್ನಡದಲ್ಲೇ ಮಾತಾಡಿ.

ಅಕ್ಕ ಅದನ್ನು ಗಂಭೀರವಾಗಿ ತೆಗೊಂಡಿದ್ದಾಳೆ. ಇಡೀ ದಿನ ಮಗುವಿನ ಜೊತೆ ಪುಸ್ತಕದ ಕನ್ನಡದಲ್ಲಿ "ಊಟ ಮಾಡು, ಕೈ ತೊಳೆದುಕೋ" ಅಂತ ಕಷ್ಟಪಟ್ಟು ಮಾತಾಡ್ತಾಳೆ. ಭಾವನ ಅಮ್ಮ ಮಾತ್ರ ತುಳು ಬಿಡುವುದಿಲ್ಲ, ಅವರಿಗೆ ಈಗ ಸೊಸೆಯಿಂದ ಕಣ್ಸನ್ನೆ. ಮಗು ಇಬ್ಬರ ಮುಖವನ್ನೂ ನೋಡಿ ಮಾತೇ ಕಡಿಮೆ ಮಾಡಿದೆ. ನನ್ನ ಸಿಟ್ಟು ಇರುವುದು ಇಲ್ಲಿ.

ಮೊದಲು ಆ "ಫಾರ್" ವಿಷಯ. ಇಂಗ್ಲಿಷಿನಲ್ಲಿ ಎ ಫಾರ್ ಆ್ಯಪಲ್ ಅನ್ನಲೇಬೇಕು, ಬೇರೆ ದಾರಿ ಇಲ್ಲ. ಅಲ್ಲಿ ಅಕ್ಷರದ ಹೆಸರು ಒಂದು, ಅದರ ಸದ್ದು ಇನ್ನೊಂದು. "ಎಚ್" ಅನ್ನುವ ಹೆಸರಿನಲ್ಲಿ ಹ ಸದ್ದೇ ಇಲ್ಲ. "ಡಬ್ಲ್ಯು" ಅಂತ ನೂರು ಸಲ ಹೇಳಿಸಿದರೂ ವಾಟರ್ ಓದಲಿಕ್ಕೆ ಬರುವುದಿಲ್ಲ. ಹಾಗಾಗಿ ಹೆಸರಿಗೂ ಸದ್ದಿಗೂ ಗಂಟು ಹಾಕಲಿಕ್ಕೆ ಒಂದು ಶಬ್ದ ಬೇಕು, ಅದೂ ಶಬ್ದದ ಶುರುವಿನಲ್ಲೇ ಆ ಸದ್ದು ಬರಬೇಕು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ಮ ಅಂದರೆ ಮ. ಗಂಟು ಹಾಕುವ ಕೆಲಸವೇ ಇಲ್ಲ. ಹಾಗಿದ್ದ ಮೇಲೆ ಅಕ್ಷರ ಶಬ್ದದ ಮೊದಲಲ್ಲೇ ಬರಬೇಕು ಅನ್ನುವ ಹಟ ಯಾಕೆ? ಕನ್ನಡದ ಶಬ್ದಗಳು ಳ ದಿಂದ, ಣ ದಿಂದ ಶುರುವಾಗುವುದಿಲ್ಲ. ಅದು ಭಾಷೆಯ ಜಾಯಮಾನ. ಇಂಗ್ಲಿಷಿನವರ ಅಳತೆಯ ಅಂಗಿ ತಂದು ಹಾಕಿ, ಕೈ ಹಿಡಿಸದಿದ್ದರೆ ಮಗುವಿಗೆ ಬೈದ ಹಾಗಾಯಿತು ಇದು.

ನಮ್ಮದೇ ಸರಕಾರಿ ಶಾಲೆಗಳಲ್ಲಿ ಇದಕ್ಕೆ ಉತ್ತರ ಯಾವತ್ತೋ ಸಿಕ್ಕಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಅ, ಆ, ಇ, ಈ ಅಂತ ಸಾಲಾಗಿ ಕಲಿಸುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಮಗು ಸರ, ರಸ, ಅರಸ, ಅಗಸ, ಗರಗಸ ಎಲ್ಲ ಓದುತ್ತದೆ. ಗರಗಸದಲ್ಲಿ ಗ ಎರಡು ಕಡೆ ಇದೆ, ಸ ಕೊನೆಗಿದೆ, ಯಾರಿಗೂ ತೊಂದರೆ ಆಗುವುದಿಲ್ಲ. 2009-10ರ ಹೊತ್ತಿಗೆ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನಾವು ಫೀಸು ಕಟ್ಟಿ, ಟೈ ಕಟ್ಟಿ, ವ್ಯಾನಿನಲ್ಲಿ ಕಳಿಸುವ ಶಾಲೆಗಳಲ್ಲಿ ಇನ್ನೂ "ಳ ಫಾರ್ ಬಳೆ"!

ಈಗ ಕೋರಿಗೆ ಬರುವ. ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಸಹಿಸ್ಕೊಳ್ಳಿ.

ಕನ್ನಡದ ಕೋಳಿ ತುಳುವಿನಲ್ಲಿ ಕೋರಿ. ಬಾಳೆ ತುಳುವಿನಲ್ಲಿ ಬಾರೆ. ಹುಳು ತುಳುವಿನಲ್ಲಿ ಪುರಿ. ಮೂರರಲ್ಲೂ ಕನ್ನಡದ ಳ ಇದ್ದಲ್ಲಿ ತುಳುವಿಗೆ ರ ಇದೆ. ಇದು ಉಚ್ಚಾರದ ಸೋಮಾರಿತನ ಅಲ್ಲ. ಹಳಗನ್ನಡದಲ್ಲಿ ಇವು ಕೋೞಿ, ಬಾೞೆ, ಪುೞು. ಅಲ್ಲಿದ್ದದ್ದು ಳ ಅಲ್ಲ, ರ ಕೂಡ ಅಲ್ಲ, ೞ ಅನ್ನುವ ಮೂರನೇ ಅಕ್ಷರ. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಇದಕ್ಕೆ ರಳ ಅಂತ ಹೆಸರು. ನೋಡಿ ಎಷ್ಟು ಚಂದ! ಆಮೇಲೆ ಆ ಅಕ್ಷರ ಬಳಕೆಯಿಂದ ಹೋಯಿತು. ಆ ರಳದಲ್ಲಿ ಕನ್ನಡದವರು ಳ ಇಟ್ಟುಕೊಂಡರು, ನಮ್ಮ ತುಳುವಿನವರು ಇಂಥ ಶಬ್ದಗಳಲ್ಲಿ ರ ಇಟ್ಟುಕೊಂಡರು. ಅಂದರೆ ನಮ್ಮ ಹುಡುಗಿ ಬರೆದ "ರಿ" ತಪ್ಪಲ್ಲ, ಅದು ಅದೇ ಆಸ್ತಿಯಲ್ಲಿ ಅವಳ ಪಾಲು. (ಅಂದ ಹಾಗೆ ಯೂನಿಕೋಡಿನಲ್ಲಿ ಈ ೞ ಅಕ್ಷರಕ್ಕೆ ತಪ್ಪಿ 'ಫ' ಅಂತ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸುವುದಿಲ್ಲ ಅನ್ನುವುದು ಅವರ ನಿಯಮ, ಹಾಗಾಗಿ ಪಕ್ಕದಲ್ಲಿ ತಿದ್ದುಪಡಿ ಹಾಕಿ ಬಿಟ್ಟಿದ್ದಾರೆ. ಜಗತ್ತಿನ ದೊಡ್ಡ ದೊಡ್ಡ ಇಂಜಿನಿಯರುಗಳೇ ಎಡವಿದ ಅಕ್ಷರದಲ್ಲಿ ಒಂದನೇ ಕ್ಲಾಸಿನ ಮಗುವಿಗೆ ಕೆಂಪು ಶಾಯಿ!)

"ಅದೆಲ್ಲ ಸರಿ, ಆದರೆ ಕನ್ನಡ ಅಕ್ಷರ ಕಲಿಯುವಾಗ ಕನ್ನಡ ಶಬ್ದವೇ ಬರೆಯಬೇಕಲ್ಲ?" ಅಂತ ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಇರುವುದು ಮೂಡುಬಿದಿರೆಯಲ್ಲಿ. ನಾನು ಇಂಜಿನಿಯರಿಂಗ್ ಓದಿದ್ದು ಆ ಕಡೆ. ನಾಲ್ಕು ವರ್ಷದಲ್ಲಿ ಹೊರಗಿನಿಂದ ಬಂದ ಗೆಳೆಯರನ್ನೆಲ್ಲ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದದ್ದೇ ನನ್ನ ದೊಡ್ಡ ಸಾಧನೆ. ಅಲ್ಲೇ ಹತ್ತಿರದ ಗುರು ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದರು. ಅವುಗಳ ಭಾಷೆ ಮುಖ್ಯವಾಗಿ ಪ್ರಾಕೃತ. ಲಿಪಿ? ಕನ್ನಡ. ಪ್ರಾಕೃತವನ್ನು ಹೊತ್ತ ಅಕ್ಷರಕ್ಕೆ ಪಕ್ಕದ ಮನೆಯ ತುಳು ಭಾರವಾಗುತ್ತದಾ? ಇನ್ನೊಂದು ತಮಾಷೆ ಇದೆ. ಧವಲ ಅನ್ನುವುದು ಸಂಸ್ಕೃತದಲ್ಲಿ ಲ. ಕನ್ನಡದವರು ಅದನ್ನು ತಮ್ಮ ನಾಲಿಗೆಗೆ ತಕ್ಕ ಹಾಗೆ ಧವಳ ಮಾಡಿಕೊಂಡರು, ವ್ಯಾಕರಣದವರು ಅದಕ್ಕೆ ಕ್ಷಳ ಅಂತ ಮರ್ಯಾದೆಯ ಹೆಸರು ಕೊಟ್ಟರು. ಆಗ ಯಾರೂ ಕೆಂಪು ಪೆನ್ನು ತೆಗೆಯಲಿಲ್ಲ :-)

ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು ನಾನು ಇವತ್ತು ಕಂಡುಹಿಡಿದದ್ದೂ ಅಲ್ಲ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ 1886ರಲ್ಲಿ ಬಂದ ಮ್ಯಾನರ್ ಪಾದ್ರಿಯ ತುಳು-ಇಂಗ್ಲಿಷ್ ನಿಘಂಟಿನಲ್ಲಿ ತುಳು ಶಬ್ದಗಳು ಇರುವುದು ಕನ್ನಡ ಲಿಪಿಯಲ್ಲಿ. ಅಷ್ಟು ದೂರ ಯಾಕೆ, ಬಿ.ಸಿ.ರೋಡಿನ ಗೋಡೆಗಳಲ್ಲಿ ಅಂಟಿಸಿದ ತುಳು ನಾಟಕದ ಪೋಸ್ಟರುಗಳೆಲ್ಲ ಯಾವ ಅಕ್ಷರದಲ್ಲಿವೆ? ತುಳುವಿನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಸರಿಯಾದ ಗುರುತು ಇಲ್ಲ, ಒಪ್ಪುತ್ತೇನೆ. "ನಾನು ಬಂದೆ", "ಅವನು ಬಂದ" ಎರಡನ್ನೂ ತುಳುವಿನಲ್ಲಿ "ಬತ್ತೆ" ಅಂತಲೇ ಬರೆಯಬೇಕಾಗುತ್ತದೆ, ಹೇಳುವಾಗ ಬೇರೆ ಬೇರೆ. ಒಂದನೇ ಕ್ಲಾಸಿನ ಖಾಲಿ ಗೆರೆ ತುಂಬಿಸಲಿಕ್ಕೆ ಅದು ಅಡ್ಡಿ ಆಗುವುದಿಲ್ಲ.

ನಾನು ಕನ್ನಡ ಬೇಡ ಅನ್ನುತ್ತಿಲ್ಲ. ಕನ್ನಡದಲ್ಲೇ ಬರೆಯುತ್ತಿದ್ದೇನೆ ನೋಡಿ. ಮಗುವಿಗೆ ಕೋಳಿಯೂ ಗೊತ್ತಾಗಬೇಕು. ಆದರೆ ದಾರಿ ಕೋರಿಯಿಂದ ಕೋಳಿಗೆ ಹೋಗಬೇಕು. "ಹೌದು ಪುಟ್ಟಿ, ಮನೆಯಲ್ಲಿ ಕೋರಿ, ಪುಸ್ತಕದಲ್ಲಿ ಕೋಳಿ. ಮನೆಯಲ್ಲಿ ಬಾರೆ, ಪುಸ್ತಕದಲ್ಲಿ?" ಅಂತ ಕೇಳಿದರೆ ಮಗು ತಾನೇ ಬಾಳೆ ಅನ್ನುತ್ತದೆ. ನಾನು ಕೇಳಿ ನೋಡಿದೆ, ಎರಡನೇ ಸಲಕ್ಕೆ ಹೇಳಿದಳು. ಒಂದು ಶಬ್ದ ಕಲಿಸುವ ಬದಲು ಒಂದು ಸೂತ್ರವೇ ಸಿಕ್ಕಿತು. ಮನೆಯ ಮಾತನ್ನು ಮುಚ್ಚಿಸಿದರೆ ಈ ಸೂತ್ರದ ಒಂದು ಕಡೆಯೇ ಕಳೆದು ಹೋಗುತ್ತದೆ. ಮಗುವಿಗೆ ಗೊತ್ತಿರುವ ಭಾಷೆಯಲ್ಲಿ ಶುರು ಮಾಡಿ ಅಂತ ಯುನೆಸ್ಕೋದವರು 1953ರಲ್ಲೇ ಹೇಳಿದ್ದಾರೆ. ನಮ್ಮಲ್ಲಿ ಮಾತ್ರ 2010ರಿಂದ ತುಳುವನ್ನು ಮೂರನೇ ಭಾಷೆಯಾಗಿ ಕಲಿಯಬಹುದು, ಅದೂ ಆರನೇ ಕ್ಲಾಸಿನಿಂದ. ಒಂದನೇ ಕ್ಲಾಸಿನಲ್ಲಿ ಬಾಯಿ ಮುಚ್ಚಿಸಿ ಆರನೇ ಕ್ಲಾಸಿನಲ್ಲಿ ಪಠ್ಯಪುಸ್ತಕ ಕೊಟ್ಟು ಮಾತಾಡಿಸುವುದು, ಎಂಥ ಲೆಕ್ಕ ಇದು?

ಹೀಗೆ ಬರೆದರೆ ಟೀಚರಿಗೆ ಬೈದ ಹಾಗೆ ಕಾಣಬಹುದು. ಅಕ್ಕ ಹೇಳಿದ ಪ್ರಕಾರ ಆ ಟೀಚರು ಬಸ್ಸಿನಲ್ಲಿ ಸಿಕ್ಕಿದರೆ ಚಂದ ತುಳು ಮಾತಾಡ್ತಾರೆ. ಗೇಟಿನ ಒಳಗೆ ಹೋದ ಮೇಲೆ ಮಾತ್ರ ಇಲ್ಲ. ಅವರನ್ನೂ ಯಾರೋ ಹಾಗೆ ತಯಾರು ಮಾಡಿದ್ದಾರೆ. ಕ್ಲಾಸಿನಲ್ಲಿ ತುಳು ಮಕ್ಕಳು ಮಾತ್ರ ಇರುವುದಿಲ್ಲ, ಬ್ಯಾರಿ, ಕೊಂಕಣಿ, ಹವ್ಯಕ ಮನೆಯವರೂ ಇರುತ್ತಾರೆ, ಯಾರ ಶಬ್ದ ಅಂತ ತೆಗೆದುಕೊಳ್ಳುವುದು ಅನ್ನುವುದು ಅವರ ನಿಜವಾದ ಕಷ್ಟ. ಕೊಂಕಣಿ ಮನೆಯ ಮಗುವಿಗೆ ಹುಂಜ ಕೊಂಬೊ. ಎಲ್ಲರನ್ನೂ ಕೇಳಿ ಬೋರ್ಡಿನ ಮೇಲೆ ಬರೆದರೆ ಆಯಿತು, ನಾಲ್ಕು ಶಬ್ದಕ್ಕೆ ಚಾಕ್‌ಪೀಸು ಮುಗಿಯುವುದಿಲ್ಲ. ಕನ್ನಡದ ಮಕ್ಕಳಿಗಾಗಿ ಕಥೆ, ಪದ್ಯ, ಪಠ್ಯ ಎಲ್ಲ ಬರೆದ ಪಂಜೆ ಮಂಗೇಶರಾಯರು ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ, 1874ರಲ್ಲಿ. ಮನೆಮಾತು ಕೊಂಕಣಿ, ಪೇಟೆಯ ಮಾತು ತುಳು. ತುಳು ಪಾಡ್ದನದ ಕೋಟಿ ಚೆನ್ನಯರನ್ನು ಕನ್ನಡದ ಕಥೆ ಮಾಡಿದ್ದೂ ಅವರೇ. ಶಾಲೆಗಳ ಇನ್ಸ್‌ಪೆಕ್ಟರ್ ಕೆಲಸವನ್ನೂ ಮಾಡಿದವರು. ಅವರು ಇವತ್ತು ಈ ವರ್ಕ್‌ಶೀಟು ನೋಡಿದರೆ ಯಾರಿಗೆ ಕೆಂಪು ಶಾಯಿ ಹಾಕುತ್ತಿದ್ದರು?

ಇನ್ನು ಳ ಕಲಿಸುವುದು ಹೇಗೆ? ನಮ್ಮ ಕಡೆ ಇದು ನಿಜವಾಗಿಯೂ ಕಷ್ಟದ ಅಕ್ಷರ. ಹಲವು ಮನೆಗಳ ತುಳುವಿನಲ್ಲಿ ಳ ಬರಬೇಕಾದಲ್ಲಿ ಲ ಬರುತ್ತದೆ. ಕಂಬಳದ ಬೋರ್ಡಿನಲ್ಲಿ ಕಂಬಳ, ಬಾಯಲ್ಲಿ ಕಂಬುಲ. ಹಾಗಿರುವಾಗ ಬಳೆಯ ಚಿತ್ರ ತೋರಿಸಿ ಏನೂ ಪ್ರಯೋಜನ ಇಲ್ಲ, ಕಿವಿಗೆ ವ್ಯತ್ಯಾಸ ಗೊತ್ತಾಗಬೇಕು. ಹುಲಿ, ಹುಳಿ. ಬಲೆ, ಬಳೆ. ಜೊತೆ ಜೊತೆಯಾಗಿ ಹೇಳಿಸಬೇಕು. ಆಮೇಲೆ ಮಗು ಕಂಡ, ತಿಂದ ಶಬ್ದಗಳು ಎಷ್ಟಿಲ್ಲ! ಬಂಟ್ವಾಳ. ಬೆಳ್ತಂಗಡಿ. ಅಳದಂಗಡಿ. ಮಂಗಳೂರು. ಗುಳಿಗ. ಪುನರ್ಪುಳಿ. ಎಲ್ಲಕ್ಕಿಂತ ಒಳ್ಳೆಯದು ಬಂಟ್ವಾಳ ತಾಲೂಕಿನದ್ದೇ ಪೊಳಲಿ, ಒಂದೇ ಶಬ್ದದಲ್ಲಿ ಳ ಮತ್ತು ಲ ಎರಡೂ ಅಕ್ಕಪಕ್ಕ ಕೂತಿವೆ. ಪೊಳಲಿ ಚೆಂಡಿನ ಜಾತ್ರೆಗೆ ಹೋಗದ ಮಗು ಈ ಕಡೆ ಸಿಗುವುದು ಕಷ್ಟ. ಯಾವ ಚಾರ್ಟು ಕಂಪೆನಿಗೆ ಇದು ಗೊತ್ತಿದೆ ಹೇಳಿ?

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬಿ.ಸಿ.ರೋಡಿಗೆ ಹೋದೆ, ಬಸ್ಸಿನ ಬೋರ್ಡುಗಳಲ್ಲಿ ಳ ಹುಡುಕುವ ಆಟ. ಒಂದು ಳ ಗೆ ಒಂದು ಚಾಕಲೇಟು ಅಂತ ಮಾತಾಗಿತ್ತು. ಅರ್ಧ ಗಂಟೆಯಲ್ಲಿ ಹನ್ನೊಂದು ಹುಡುಕಿದಳು, ನಾನು ದರ ಇಳಿಸಬೇಕಾಯಿತು. ಹನ್ನೆರಡನೆಯದು ಬಸ್ಸಿನಲ್ಲಿ ಅಲ್ಲ, ನಾಟಕದ ಪೋಸ್ಟರಿನಲ್ಲಿ ಸಿಕ್ಕಿತು. ನಿಧಾನಕ್ಕೆ ಬೆರಳಿಟ್ಟು ಓದಿದಳು, "ತು... ಳು." ಆಮೇಲೆ ನನ್ನ ಮುಖ ನೋಡಿ, "ಮಾಮ, ಉಂದು ನಮ್ಮ ತುಳುನಾ?" ಅಂದಳು. ನಮ್ಮದೇ ಅಂದೆ.

ಮುಂದಿನ ಪೇರೆಂಟ್ಸ್ ಮೀಟಿಂಗಿಗೆ ಇದನ್ನೆಲ್ಲ ಪ್ರಿಂಟ್ ತೆಗೆದು ಕೊಡು ಅಂತ ಅಕ್ಕನಿಗೆ ಹೇಳಿದ್ದೇನೆ. "ನೀನು ಬೆಂಗಳೂರಿಗೆ ಹೋಗ್ತಿ, ಇಲ್ಲಿ ದಿನಾ ಅವರ ಮುಖ ನೋಡಬೇಕಾದವಳು ನಾನು" ಅಂತ ಅವಳ ಉತ್ತರ. ಅದೂ ಸರಿಯೇ. ಆದರೆ ನಿನ್ನೆ ರಾತ್ರಿ ಫೋನು ಮಾಡಿದಾಗ ಹಿಂದಿನಿಂದ ಅಜ್ಜಿ, ಮೊಮ್ಮಗಳು ಇಬ್ಬರೂ ಜೋರಾಗಿ ತುಳುವಿನಲ್ಲಿ ಜಗಳ ಮಾಡುವುದು ಕೇಳ್ತಾ ಇತ್ತು. ಅಕ್ಕ ಸುಮ್ಮನಿದ್ದಳು.