ಸ್ಟೇರಿಂಗು ಹಿಡಿದವನೊಬ್ಬನೇ ಕಳ್ಳನೇ?

ಬಳ್ಳಾರಿಯ ಅದಿರು ಲಾರಿಗಳು ಮಿತಿಮೀರಿ ಹೇರಿಕೊಂಡು ಓಡಿದ ಕಥೆ 2011ರ ಲೋಕಾಯುಕ್ತ ವರದಿಯಲ್ಲೇ ಇದೆ. ಹೇರಿಸಿದವರು ಯಾರು? ಟನ್ನಿನ ಲೆಕ್ಕದಲ್ಲಿ ಲಾಭ ಎಣಿಸಿದ ಧಣಿಗಳು. ಬ್ರೇಕು ಹಿಡಿಯದೆ ಲಾರಿ ಮಗುಚಿದರೆ ಅಡಿಗೆ ಸಿಕ್ಕಿ ಸಾಯೋನು ಕ್ಲೀನರ್ ಹುಡುಗ!

ಕಾನೂನಿಗೇನು ಬರವೇ? 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಅಂದಿತು. ಐದಕ್ಕಿಂತ ಕಮ್ಮಿ ಆಳಿದ್ದ ಕಡೆ ತಾನಾಗಿ ಅನ್ವಯಿಸದು ಅಂತ ಕಿಂಡಿಯನ್ನೂ ಬಿಟ್ಟಿತು. ಆ ಕಿಂಡಿಯಲ್ಲೇ ಧಣಿಗಳ ಲಾರಿ ನುಗ್ಗಿದ್ದು.

2019ರ ತಿದ್ದುಪಡಿ ಹೆಚ್ಚು ಹೇರಿದರೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ದಂಡ ಅಂದಿತು. ಅದನ್ನು ಯಾರ ಸಂಬಳದಲ್ಲಿ ಮುರಿಯುತ್ತಾರೆ, ಕೇಳಿ ನೋಡಿ.

1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಮು ಏನನ್ನುತ್ತೆ ಗೊತ್ತೇ? ಹೆಚ್ಚು ಹೇರಿದ್ದು ಮಾಲೀಕನಿಗೆ ತಿಳಿದೇ ಅಥವಾ ಅವನ ಅಪ್ಪಣೆಯಿಂದಲೇ ಎಂದು ಕೋರ್ಟು ಭಾವಿಸಬಹುದು! ಹಾಗಿದ್ದೂ ಪೊಲೀಸಿನವನ ಕೈ ಡ್ರೈವರನ ಕೊರಳಪಟ್ಟಿಗೇ ಏಕೆ?

ಹಾಸ್ಟೆಲಿನ ಗೆಳೆಯರೇ, ಆ ಲಾರಿಗಳಲ್ಲಿ ನಮ್ಮಪ್ಪಂದಿರು, ನಮ್ಮಣ್ಣಂದಿರು ಇದ್ದಾರೆ. ನಾವು ಕಲಿತ ಅಕ್ಷರ ಟ್ರಂಕಿನೊಳಗೆ ಕೊಳೆಯೋದು ಬೇಡ. ಲಾರಿ ಸ್ಟ್ಯಾಂಡಿಗೆ ಹೋಗೋಣ, ಈ ಕಲಮನ್ನು ಗಟ್ಟಿಯಾಗಿ ಓದಿ ಹೇಳೋಣ. ಮಾಲೀಕನೂ ಕಟಕಟೆ ಹತ್ತಲಿ!